ನಾನು ತೂಗಿದ ನೀರು

ಕಾಳುಕಡಿಯನ್ನಾಗಲಿ ಕಬ್ಬಿಣವನ್ನಾಗಲಿ ನಾನು ಎಂದೂ ತೂಗಲಿಲ್ಲ. ಮನುಷ್ಯರನ್ನು ತೂಗುವುದಕ್ಕೆಂದೇ ನನ್ನನ್ನು ಮಾಡಿದರು. ಉಕ್ಕಿನ ಹಲಗೆ ನನ್ನ ಮೈ, ಅಂಕಿ ತೋರುವ ಗಾಜು ನನ್ನ ಮುಖ. ಕಾರ್ಖಾನೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಪರೀಕ್ಷಿಸಿ, ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಮುದ್ರೆಯೊತ್ತಿ ಕಳುಹಿಸಿದರು.

ಘಟಪ್ರಭೆಯ ದಂಡೆಯ ಪಟ್ಟಣವೊಂದರ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ವಿಭಾಗದ ಬಾಗಿಲಿಗೆ ನನ್ನ ನೆಲೆಯಾಯಿತು. ಮೂತ್ರಪಿಂಡ ಕೆಟ್ಟವರು ಕುಡಿದ ನೀರು ಹೊರಹೋಗದೆ ಮೈಯಲ್ಲೇ ನಿಲ್ಲುತ್ತದೆ. ವಾರಕ್ಕೆ ಮೂರು ಬಾರಿ ಬರುವ ಅವರು ಮೊದಲು ನನ್ನ ಮೇಲೆ ನಿಲ್ಲಬೇಕು. ಇರಬೇಕಾದ ತೂಕಕ್ಕಿಂತ ಎಷ್ಟು ಹೆಚ್ಚು ತೂಗಿದರೋ ಅಷ್ಟು ನೀರನ್ನು ಒಳಗಿನ ಯಂತ್ರ ಸೆಳೆದು ತೆಗೆಯುತ್ತದೆ. ಚಿಕಿತ್ಸೆ ಮುಗಿದ ಮೇಲೆ ಮತ್ತೊಮ್ಮೆ ನನ್ನ ಮೇಲೆ ನಿಂತು ಮನೆಗೆ ಹೋಗುತ್ತಾರೆ. ನಿತ್ರಾಣರು ಬೀಳದಿರಲೆಂದು ಪಕ್ಕದ ಗೋಡೆಗೆ ಒಂದು ಕಂಬಿಯನ್ನು ಜಡಿದಿದ್ದರು.

ಅನಸೂಯಾ ಬಡಿಗೇರ ನಾನು ಬಂದ ವರ್ಷವೇ ಅಲ್ಲಿಗೆ ಬಂದ ನರ್ಸು. ಆಗ ಆಕೆ ನನ್ನನ್ನು ಪೂರ್ತಿಯಾಗಿ ನಂಬುತ್ತಿರಲಿಲ್ಲ. ಅಂಕಿ ನೋಡಿದ ಮೇಲೂ ನೆಲಕ್ಕೆ ಮೊಣಕಾಲೂರಿ, ರೋಗಿಯ ಕಾಲನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಒತ್ತಿದಲ್ಲಿ ಬಿದ್ದ ಗುಳಿ ಬೇಗ ತುಂಬದಿದ್ದರೆ ಒಳಗೆ ನೀರಿದೆಯೆಂದು ಅರ್ಥ. ಆ ಬೆರಳಿಗೆ ಸಿಕ್ಕದ ನೀರಿರಲಿಲ್ಲ.

ಹನ್ನೊಂದು ವರ್ಷಗಳ ಮೇಲೆ ಆಕೆ ಎರಡು ವರ್ಷ ಓದಿ, ನರ್ಸ್ ಪ್ರಾಕ್ಟೀಷನರ್ ಎಂಬ ಪದವಿ ಪಡೆದು ಮರಳಿದಳು. ಸಿಸ್ಟರ್ ಎನ್ನುತ್ತಿದ್ದವರು ಮೇಡಂ ಎನ್ನತೊಡಗಿದರು. ಯಾರಿಂದ ಎಷ್ಟು ನೀರು ತೆಗೆಯಬೇಕೆಂದು ಬರೆಯುವ ಅಧಿಕಾರ ಕೈಗೆ ಬಂತು. ಮೊಣಕಾಲು ನೆಲಕ್ಕೆ ತಾಗುವುದು ನಿಂತಿತು. ನನ್ನ ನೆತ್ತಿಯ ಮೇಲೆ ಒಂದು ಬಿಳಿ ಹಲಗೆ ತೂಗುಹಾಕಿಸಿದಳು. ಎರಡೂವರೆ ಕಿಲೋಗಿಂತ ಹೆಚ್ಚು ನೀರು ಹೊತ್ತು ತಂದವರ ಹೆಸರು ಅಲ್ಲಿ ಕೆಂಪಕ್ಷರದಲ್ಲಿ ಏರುತ್ತಿತ್ತು. ತಿಂಗಳಲ್ಲಿ ಮೂರು ಸಲ ಕೆಂಪಾದವರಿಗೆ ಮೂತ್ರಪಿಂಡ ಕಸಿಯ ಶಿಫಾರಸು ಪತ್ರವಿಲ್ಲ.

ಹತ್ತಿ ಹಿಂಜಿ ಗಾದಿ ಹೊಲಿಯುವ ಇಮಾಮಸಾಬ ನದಾಫನಿಗೆ ಆ ಪತ್ರವೊಂದು ಸಿಕ್ಕಿದರೆ ಸಾಕಿತ್ತು. ಅಕ್ಕ ಹುಸೇನಬಿ ತನ್ನದೊಂದು ಮೂತ್ರಪಿಂಡ ಕೊಡಲು ಒಪ್ಪಿ ಕಾದಿದ್ದಳು. ಆದರೆ ಅದು ಏಪ್ರಿಲ್ ತಿಂಗಳು. ಆಗಲೇ ಎರಡು ಸಲ ಅವನ ಹೆಸರು ಕೆಂಪಾಗಿತ್ತು.

“ಏನ್ರೀ ನದಾಫರ, ಹೊಳೀನ ಕುಡದ ಬಂದೀರೇನ?” ಎಂದು ಅನಸೂಯಾ ಕುರ್ಚಿಯಿಂದಲೇ ಕೂಗಿದಳು. ಸಾಲಿನಲ್ಲಿದ್ದವರು ನಕ್ಕರು.

“ಬಿಸಲ ಭಾಳ ಐತ್ರೀ ಮೇಡಂ. ಅರಳಿ ಹಿಂಜಿದ್ರ ಗಂಟಲ ಒಣಗತೈತ್ರಿ.”

“ಗಂಟಲ ಒಣಗಿದ್ರ ಯಾರೂ ಸಾಯಂಗಿಲ್ಲ. ಇನ್ನೊಮ್ಮೆ ಕೆಂಪಾದ್ರ ಪತ್ರ ಮರತಬಿಡ್ರಿ.”

ಮುಂದಿನ ಸಲ ಇಮಾಮಸಾಬ ಹೆಗಲ ಟವೆಲನ್ನು ಕಂಬಿಯ ಮೇಲೆ ಹಾಕಿ, ಅದರಡಿ ಅಂಗೈ ಊರಿ ನಿಂತ. ಎಷ್ಟು ಊರಿದರೆ ಎಷ್ಟು ಇಳಿಯುವುದೆಂಬುದು ಹತ್ತಿ ತೂಗಿ ಪಳಗಿದ ಕೈಗೆ ಗೊತ್ತಿತ್ತು. ನಾಲ್ಕು ಕಿಲೋ ನೀರು ನನ್ನ ಮುಖದಲ್ಲಿ ಎರಡಾಯಿತು. ಮೇಲಿರುವ ಭಾರವನ್ನು ಹೇಳುವುದಷ್ಟೇ ನನ್ನ ಕೆಲಸ; ಉಳಿದದ್ದು ಗೋಡೆಯ ಪಾಲಾಯಿತೆಂದು ಕೂಗಿ ಹೇಳಲು ನನಗೆ ಬಾಯಿಲ್ಲ.

“ನೋಡ್ರಿ! ಎಲ್ಲಾರೂ ಇವರ್ನ ನೋಡಿ ಕಲೀರಿ,” ಎಂದು ಅನಸೂಯಾ ಅವನ ಹೆಸರನ್ನು ಹಸಿರಿನಲ್ಲಿ ಬರೆಸಿದಳು. ಅವನು ಶಾಲೆಯ ಹುಡುಗನಂತೆ ನಾಚಿದ. ಯಂತ್ರ ಎರಡೇ ಕಿಲೋ ತೆಗೆಯಿತು; ಉಳಿದದ್ದು ಕಾಣದಿರಲೆಂದು ಚಿಕಿತ್ಸೆ ಮುಗಿದ ಮೇಲೂ ಹಾಗೆಯೇ ಕೈಯೂರಿ ನಿಂತು ಹೋದ.

ಮತ್ತೆರಡು ಸಲ ಹೀಗೇ ನಡೆಯಿತು. ಉಳಿದ ನೀರಿನ ಮೇಲೆ ಹೊಸ ನೀರು ಸೇರಿತು. ಕೈ ಇನ್ನಷ್ಟು ಊರಬೇಕಾಯಿತು. ಚಪ್ಪಲಿ ಕಾಲಿಗೆ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವನು ತಾನು ಹೊಲಿದ ಗಾದಿಗೆ ಒರಗಿ ಕುಳಿತೇ ಕಣ್ಣು ಮುಚ್ಚುತ್ತಿದ್ದನಂತೆ. ಹುಸೇನಬಿ ಒಂದು ದಿನ ನಿಜ ಹೇಳಿಬಿಡಲು ಬಾಗಿಲಲ್ಲೇ ಬಾಯಿ ತೆರೆದಳು. ಅವನು ಅವಳ ಸೆರಗು ಜಗ್ಗಿದ. “ಸುಮ್ಕಿರ ಆಪಾ. ಸೋಮಾರ ಪತ್ರ ಕೊಡತಾರ.”

ಸೋಮವಾರ ಸಹಿಯಾದ ಪತ್ರ ಮೇಜಿನ ಮೇಲಿತ್ತು. ಇಮಾಮಸಾಬ ಏದುತ್ತ ಬಂದು ನನ್ನ ಮೇಲೇರಿ ಕೈಯೂರಿದ. ಮಿತಿಯೊಳಗಿನ ಐವತ್ತೊಂಬತ್ತು ಕಿಲೋ ತೋರಿಸಿದೆ. ಆ ಕ್ಷಣವೇ ಅವನ ಅಂಗೈ ಕಂಬಿಯಿಂದ ಜಾರಿತು. ಎಲ್ಲರ ಕಣ್ಣೆದುರು ನಾನು ಅರವತ್ತೇಳಕ್ಕೆ ಹಾರಿದೆ. ಅವನು ನನ್ನ ಮೇಲೆಯೇ ಕುಸಿದ. ಬಾಯಿಂದ ಗುಲಾಬಿ ಬಣ್ಣದ ನೊರೆ ಉಕ್ಕಿತು.

ಅನಸೂಯಾ ಓಡಿಬಂದು ಮೊಣಕಾಲೂರಿದಳು. ಎಷ್ಟು ವರ್ಷಗಳ ಮೇಲೋ ಆ ಹೆಬ್ಬೆರಳು ಒಂದು ಕಾಲನ್ನು ಒತ್ತಿತು. ಬೆರಳು ಅರ್ಧ ಮುಳುಗಿತು. ಸೂಜಿ ಚುಚ್ಚುವಷ್ಟರಲ್ಲಿ ಇಮಾಮಸಾಬನ ಉಸಿರು ನಿಂತಿತ್ತು. ಅವನು ಒಣನೆಲದ ಮೇಲೆ, ತನ್ನ ಮೈಯೊಳಗಿನ ನೀರಿನಲ್ಲಿಯೇ ಮುಳುಗಿ ಸತ್ತ.

“ನಿಮ್ಮ ಹಲಗೀಗೆ ಅಂಜಿ ಕಂಬಿ ಒತ್ತತಿದ್ದ,” ಎಂದಳು ಹುಸೇನಬಿ. ಅವಳು ಅಳಲಿಲ್ಲ. “ಒಂದಿನಾ ಅವನ ಕಾಲ ಮುಟ್ಟಿ ನೋಡಾಕ ಏನಾಗಿತ್ತು ನಿಮಗ?”

ಅನಸೂಯಾ ಮೇಜಿನ ಮೇಲಿದ್ದ ಪತ್ರವನ್ನು ಮಡಿಸಿ ಕೋಟಿನ ಕಿಸೆಗೆ ಸೇರಿಸಿದಳು. ಸಂಜೆ ವರದಿಯಲ್ಲಿ ಆಕೆ ಬರೆದ ಕಾರಣ ಒಂದೇ ಸಾಲು: ತೂಕದ ಯಂತ್ರ ದೋಷಪೂರಿತವಾಗಿತ್ತು. ಬಟ್ಟು ತಂದು ನನ್ನನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋಚಲಿಲ್ಲ. ಅಂದೇ ಗೋಡೆಯ ಕಂಬಿಯನ್ನೂ ಕೀಳಿಸಿ, ಮೊಳೆಯ ತೂತುಗಳಿಗೆ ಸುಣ್ಣ ಮೆತ್ತಿಸಿದಳು.

ಈಗ ನಾನು ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ, ಮುರಿದ ಮಂಚಗಳ ನಡುವೆ ಗುಜರಿಯವನ ದಾರಿ ಕಾಯುತ್ತಿದ್ದೇನೆ. ಬದುಕಿನುದ್ದಕ್ಕೂ ಒಂದೂ ಸುಳ್ಳು ಹೇಳದ ನನಗೆ ಸುಳ್ಳುಗಾರನೆಂಬ ಹೆಸರು ಉಳಿಯಿತು. ನಾನು ಹೇಳಬಲ್ಲದ್ದು ಅರ್ಧ ಸತ್ಯ. ಮಿಕ್ಕರ್ಧಕ್ಕೆ ಮನುಷ್ಯರೇ ಬಗ್ಗಬೇಕು. ನನ್ನ ಜಾಗದಲ್ಲಿ ಹೊಸ ಯಂತ್ರ ಬಂದಿದೆ. ಬಿಳಿ ಹಲಗೆ ಹಾಗೆಯೇ ಇದೆಯೆಂದು ಸಾಲಿನಲ್ಲಿ ನಿಂತವರ ನಗೆಯಿಂದ ತಿಳಿಯುತ್ತದೆ. ನಿನ್ನೆ ಮುದುಕಿಯೊಬ್ಬಳ ನಡುಗುವ ದನಿ ಇಲ್ಲಿಯವರೆಗೂ ಕೇಳಿಸಿತು.

“ಹಿಡಕೊಳ್ಳಾಕ ಇಲ್ಲೊಂದು ಕಂಬಿ ಇತ್ತಲ್ಲವ್ವಾ?”

“ಇರಲಿಲ್ಲ,” ಎಂದಳು ಅನಸೂಯಾ. “ನೆಟ್ಟಗ ನಿಲ್ರಿ.”