ಫ್ರೀಜರಿನಲ್ಲಿಟ್ಟ ಇನ್ಸುಲಿನ್

ಬೆಳಗಿನ ಆರೂವರೆಗೆ ಬ್ರಿಸ್ಬೇನ್ ವಿಮಾನ ನಿಲ್ದಾಣದ ಬೆಂಚಿನಲ್ಲಿ ಲಿಂಗರಾಜ ಅಂಕಲ್ ಚಂದ್ರಪ್ರಭಾಳನ್ನು ಒಂದೊಂದಾಗಿ ಕೇಳುತ್ತಿದ್ದರು.

"ಕ್ಯಾಶ್ ತಂದಿದೀಯಾ? ಆ ದ್ವೀಪದಲ್ಲಿ ಕಾರ್ಡ್ ತೋರಿಸಿದ್ರೆ ನಗ್ತಾರೆ."

"ತಂದಿದೀನಿ ಅಂಕಲ್."

"ವಾಪಸ್ ಟಿಕೆಟ್ ಪ್ರಿಂಟು? ಇಲ್ದಿದ್ರೆ ಚೆಕ್-ಇನ್ನಲ್ಲೇ ನಿಲ್ಲಿಸ್ತಾರೆ."

"ಇದೆ."

ಹತ್ತಿರದ ಊರು ಇಪ್ಸ್‌ವಿಚ್ಚಿನ ಆಸ್ಪತ್ರೆಯ ಡಾಕ್ಟರು ಅವರು. ಹಿಂದೆ ಪೆಸಿಫಿಕ್ ದ್ವೀಪಗಳಲ್ಲಿ ಹತ್ತು ವರ್ಷ ಕೆಲಸ ಮಾಡಿದವರು. ಗಂಡ ಅರವಿಂದ ಗಣಿಯ ಪಾಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಚಂದ್ರಪ್ರಭಾ ಒಬ್ಬಳೇ ರಾತ್ರಿಯಿಡೀ ಪರ್ತಿನಿಂದ ಹಾರಿ ಬಂದಿದ್ದಳು.

ಮಗಳು ಚೈತನ್ಯಾ ಅಡಿಲೇಡಿನಲ್ಲಿ ಓದುವವಳು, ಹವಳದ ಅಧ್ಯಯನಕ್ಕೆಂದು ಪೆಸಿಫಿಕ್ಕಿನ ಆ ದ್ವೀಪಕ್ಕೆ ಹೋಗಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಇನ್ನೂ ವರ್ಷ ತುಂಬಿಲ್ಲ. ಈಗ ದ್ವೀಪದ ಏಕೈಕ ಫ್ರಿಜ್ಜು ಕೆಟ್ಟು, ಆರೋಗ್ಯ ಕೇಂದ್ರದ್ದೂ ಅವಳದ್ದೂ ಸೇರಿ ಇನ್ಸುಲಿನ್ನೆಲ್ಲ ಸೆಕೆಗೆ ಹಾಳಾಗಿತ್ತು. ಅವಳು ದಿನಾ ಚುಚ್ಚಿಕೊಳ್ಳುತ್ತಿದ್ದ ಪೆನ್ನಿನಲ್ಲಿ ಉಳಿದದ್ದು ಬುಧವಾರದವರೆಗೆ ಮಾತ್ರ. ಅಲ್ಲಿಗೆ ಹೋಗುವ ಪುಟ್ಟ ವಿಮಾನ ವಾರಕ್ಕೊಂದೇ, ನಾಳೆ ಮಂಗಳವಾರ. ಅದನ್ನು ಹಿಡಿಯಬೇಕಾದರೆ ಅಲ್ಲಿನ ದೊಡ್ಡ ದ್ವೀಪಕ್ಕೆ ಹೋಗುವ ಇವತ್ತಿನ ಈ ವಿಮಾನ ತಪ್ಪುವಂತಿರಲಿಲ್ಲ.

"ಮದ್ದು ತೋರ್ಸು. ಲಗೇಜಿಗೆ ಹಾಕಿಲ್ಲ ತಾನೇ?"

"ಇಲ್ಲ, ಕೈಯಲ್ಲೇ ಇದೆ." ಚಂದ್ರಪ್ರಭಾ ಹೆಮ್ಮೆಯಿಂದಲೇ ಡಬ್ಬಿ ತೆರೆದಳು. ಅಡಿಲೇಡಿಗೆ ಯಾರೇ ಹೊರಟರೂ ಅವಳು ಮಗಳಿಗೆ ಕಳಿಸುತ್ತಿದ್ದುದು ಹೀಗೆಯೇ: ಹೋಳಿಗೆ, ತುರಿದ ಕಾಯಿ, ಸಾರು, ಎಲ್ಲವನ್ನೂ ಎರಡು ದಿನ ಫ್ರೀಜರಿನಲ್ಲಿಟ್ಟು, ಪೇಪರಿನಲ್ಲಿ ಸುತ್ತಿ. ಒಂದೂ ಕೆಟ್ಟದ್ದಿಲ್ಲ. ಪರ್ತಿನ ಮನೆಯ ಹತ್ತಿರ, ಜೂಂಡಲಪ್ಪಿನ ಔಷಧಿ ಅಂಗಡಿಯವಳು ತಣ್ಣಗಿಡಿ ಎಂದಿದ್ದಕ್ಕೆ ಇದನ್ನೂ ಹೋಳಿಗೆಯ ಪಕ್ಕದಲ್ಲೇ ಇಟ್ಟಿದ್ದಳು.

ಅಂಕಲ್ ಒಂದು ಇನ್ಸುಲಿನ್ ಪೆನ್ನನ್ನು ಬೆಳಕಿಗೆ ಹಿಡಿದರು. ಅಲ್ಲಾಡಿಸಿ ನೋಡಿದರು.

"ಏನಾಯ್ತು ಅಂಕಲ್?"

"ಕಲ್ಲಾಗಿದೆಯಲ್ಲಮ್ಮ."

"ಕರಗುತ್ತೆ ಬಿಡಿ, ಅಲ್ಲಿ ಸೆಕೆ..."

"ಕರಗುತ್ತೆ. ಆದ್ರೆ ಕೆಲ್ಸ ಮಾಡಲ್ಲ. ಇನ್ಸುಲಿನ್ ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು."

ತನ್ನ ಕೈಯಾರೆ! "ನಾನೇ ಅಂಕಲ್, ನಾನೇ ನನ್ನ ಮಗಳನ್ನ..."

"ಅಳೋದನ್ನ ವಿಮಾನದಲ್ಲಿ ಅಳು, ಐದು ಗಂಟೆ ಟೈಮಿದೆ. ಈಗ ಚೈತನ್ಯಾ ತಗೊಳ್ಳೋದರ ಹೆಸರು ಹೇಳು. ಏಳು ಗಂಟೆಗೆ ತೆಗೆಯೋ ಅಂಗಡಿ ಒಂದಿದೆ."

ಅವಳು ಹೇಳಿದ ಮದ್ದಿಗೆ ಚೀಟಿ ಬರೆದು ಅವರು ಕಾರಿನತ್ತ ಹೆಚ್ಚುಕಡಿಮೆ ಓಡಿದರು. ಚೆಕ್-ಇನ್ ಮುಚ್ಚುವುದು ಏಳು ನಲವತ್ತಕ್ಕೆ. ಸಾಲಿನ ಕೊನೆಯಲ್ಲಿ ನಿಂತು ಹಿಂದೆ ಬಂದವರನ್ನೆಲ್ಲ ಮುಂದೆ ಬಿಡುತ್ತ ಅವಳು ಗಡಿಯಾರ ನೋಡಿದಳು. ಏಳೂಕಾಲು. ಏಳೂವರೆ. ಫೋನು ಹೊಡೆದರೆ ಎತ್ತುತ್ತಿಲ್ಲ. ಬರಿಗೈಯಲ್ಲಿ ಹೋಗಿ ಮಗಳ ಪಕ್ಕದಲ್ಲಿ ಕೂರಬೇಕೋ, ಹೋಗದೆ ಇಲ್ಲೇ ಸಾಯಬೇಕೋ? ಕೌಂಟರಿನ ಹುಡುಗಿ ಅವಳನ್ನೇ ಕರೆಯತೊಡಗಿದಳು. "ಒನ್ ಮಿನಿಟ್, ಪ್ಲೀಸ್, ಒಂದೇ ನಿಮಿಷ," ಎಂದು ಚಂದ್ರಪ್ರಭಾ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಏಳು ಮೂವತ್ತೆಂಟಕ್ಕೆ ಅಂಕಲ್ ಏದುಸಿರು ಬಿಡುತ್ತ ಬಂದರು. "ಮೂರೇ ಡಬ್ಬಿ ಸಿಕ್ಕಿದ್ದು. ಎರಡು ವಾರಕ್ಕೆ ಸಾಕು. ಇಗೋ ಐಸ್ ಪ್ಯಾಕು, ಅದಕ್ಕೆ ತಾಗಿಸ್ಬೇಡ, ಟವೆಲ್ ಸುತ್ತು, ತೊಡೆ ಮೇಲಿಟ್ಕೋ. ಇಗೋ, ಡಾಕ್ಟರ ಪತ್ರ."

ಮರುದಿನ ಪುಟ್ಟ ವಿಮಾನದ ಬಳಿ, ಅಂಕಲ್ ಹೇಳಿದ್ದಂತೆಯೇ, ಸಾಮಾನಿನ ಜೊತೆಗೆ ಅವಳನ್ನೂ ತೂಕಕ್ಕೆ ನಿಲ್ಲಿಸಿದರು. ನಾಲ್ಕು ಕೆಜಿ ಹೆಚ್ಚಿತ್ತು. ಅವಳು ಬಟ್ಟೆಗಳನ್ನು, ಕಾಲಲ್ಲಿದ್ದ ಚಪ್ಪಲಿಯನ್ನು, ಟಾಯ್ಲೆಟ್ ಚೀಲವನ್ನು ತೆಗೆದು ನೆಲಕ್ಕಿಟ್ಟಳು. ಟವೆಲಿನ ಗಂಟನ್ನು ಮಾತ್ರ ಕೆಳಗಿಡಲಿಲ್ಲ.

ಹುಲ್ಲಿನ ರನ್‌ವೇಯ ಅಂಚಿನಲ್ಲಿ ಚೈತನ್ಯಾ ಮರಕ್ಕೆ ಒರಗಿ ಕೂತಿದ್ದಳು, ತುಟಿಯೆಲ್ಲ ಒಣಗಿತ್ತು. ತಾಯಿಯ ಬರಿಗಾಲನ್ನೂ ಕೈಯಲ್ಲಿದ್ದ ಗಂಟನ್ನೂ ನೋಡಿ ನಕ್ಕಳು.

"ಹೋಳಿಗೇನಾ, ಮಾಮ್?"

ಚಂದ್ರಪ್ರಭಾ ಅಲ್ಲವೆಂದು ತಲೆಯಾಡಿಸಿದಳು. ಐದು ಗಂಟೆ ವಿಮಾನದಲ್ಲಿ ಬಾರದ ಅಳು ಆಗ ಬಂತು.