ಮಧ್ಯಾಹ್ನದ ವರದಿ

“ನಿನ್ನ ತಲೆಯಲ್ಲಿ ಇರೋದು ಮಿದುಳೋ, ಬರೀ ಸೊಕ್ಕೋ?”

ಇಸೊಗೈ ಮೇಜಿಗೆ ಗುದ್ದಿದ ರಭಸಕ್ಕೆ ಸಮುದ್ರದ ನಕ್ಷೆಯ ಮೇಲೆ ಚಹಾ ಚೆಲ್ಲಿತು. ಜಪಾನಿನ ಮೋಜಿ ಬಂದರಿನ ನೌಕಾಪಡೆಯಲ್ಲಿ ಗುಪ್ತ ಸಂದೇಶಗಳ ಅಧಿಕಾರಿಯಾಗಿದ್ದ ತೊಕುನಾಗ ಯಾಸುಜಿ ಅದನ್ನು ತೋಳಿನಿಂದಲೇ ಒರೆಸಿದ. ಅಕ್ಕನ ಗಂಡನಲ್ಲದಿದ್ದರೆ ಈ ಸರಕು ಹಡಗಿನ ಕಪ್ತಾನನನ್ನು ಆಗಲೇ ಹೊರಗೆ ದಬ್ಬಿಸುತ್ತಿದ್ದ.

“ಮೆಲ್ಲಗೆ, ಭಾವ. ಆಚೆ ಜನ ಇದಾರೆ.”

“ಕೇಳಿಸ್ಕೊಳ್ಳಲಿ. ನಾಳೆ ಮಧ್ಯಾಹ್ನ ಹಡಗು ಎಲ್ಲಿರುತ್ತೆ ಅಂತ ದಿನಾ ರೇಡಿಯೋದಲ್ಲಿ ಹೇಳಿಸ್ತೀರಿ. ಮಾರನೇ ದಿನ ಅಮೆರಿಕದವರ ಜಲಾಂತರ್ಗಾಮಿ ಅದೇ ಜಾಗದಲ್ಲಿ ಬಾಯಿ ತೆರಕೊಂಡು ಕೂತಿರುತ್ತೆ. ನನಗಿಂತ ಮುಂಚೆ ಹೋದ ಮೂರೂ ಹಡಗು ಮುಳುಗಿದ್ದು ಹಾಗೇ.”

ತೊಕುನಾಗ ನಕ್ಕ. “ನಮ್ಮ ಜಪಾನಿ ಮಾತೇ ಅವರ ನಾಲಿಗೆಗೆ ಹೊರಳಲ್ಲ. ಅದನ್ನ ಅಂಕಿ ಮಾಡಿ, ಅಂಕಿಗೆ ಇನ್ನೊಂದು ಅಂಕಿ ಕೂಡಿಸಿ ಕಳಿಸ್ತೀವಿ. ಅದನ್ನ ಬಿಡಿಸೋ ಗಂಡು ಇನ್ನೂ ಹುಟ್ಟಿಲ್ಲ.”

ಮೇಲಧಿಕಾರಿಗಳ ಮುಂದೆ ಇದೇ ಮಾತನ್ನು ಎಷ್ಟೋ ಸಲ ಆಡಿದ್ದ. ಪ್ರತಿ ಸಲವೂ ಅವರು ತಲೆದೂಗಿದ್ದರು.

“ಹುಟ್ಟಿಲ್ವಾ? ಹಾಗಾದ್ರೆ ಪರೀಕ್ಷೆ ಮಾಡು. ನನ್ನ ಹಡಗಿನಿಂದ ಒಂದು ದಿನ ಸುಳ್ಳು ಜಾಗ ಹೇಳಿಸು. ಅಲ್ಲಿಗೆ ನಿಮ್ಮದೊಂದು ವಿಮಾನ ಕಳಿಸು. ಕೆಳಗೆ ಯಾರೂ ಕಾದಿಲ್ಲ ಅಂದ್ರೆ ನಿನ್ನ ಕಾಲಿಗೆ ಬೀಳ್ತೀನಿ.”

ತೊಕುನಾಗ ಒದ್ದೆಯಾದ ನಕ್ಷೆಯತ್ತ ನೋಡಿದ. ಅಲ್ಲಿ ಯಾರಾದರೂ ಕಾದಿದ್ದರೆ? ತಲೆದೂಗಿದವರ ಮುಂದೆ ಹೋಗಿ ಏನೆಂದು ಹೇಳುವುದು?

“ನೌಕಾಪಡೆಗೆ ಸುಳ್ಳು ವರದಿ ಕೊಡಿಸೋದು ನನ್ನಿಂದಾಗಲ್ಲ.”

“ಎಂಟುನೂರು ಸೈನಿಕರು ಹತ್ತಿ ಕೂತಿದಾರೆ, ಯಾಸುಜಿ. ಹೊಲ ಬಿಟ್ಟು ಬಂದ ಹುಡುಗರು. ಅರ್ಧ ಜನಕ್ಕೆ ಈಜೋಕೆ ಬರಲ್ಲ.”

“ವರದಿ ಕಳಿಸೋಕೆ ನಮ್ಮ ರೇಡಿಯೋದವನು ಹಡಗಿನಲ್ಲೇ ಇರ್ತಾನೆ. ನೀವು ಹಡಗು ನಡೆಸಿ ಸಾಕು.”

ಇಸೊಗೈ ಅವನ ಮುಖವನ್ನೇ ನೋಡಿದ. ಸಿಟ್ಟೆಲ್ಲ ಇಳಿದುಹೋಗಿತ್ತು. “ಹಡಗು ನಡೆಸ್ತೀನಪ್ಪ. ನಿನ್ನ ಅಕ್ಕನಿಗೆ ಸುದ್ದಿ ಹೇಳೋ ಕೆಲಸ ಮಾತ್ರ ನಿಂದು.”

ಅವನು ಟೋಪಿ ಹಾಕಿಕೊಂಡು ಹೊರಟ. ಕಟ್ಟೆ ದಾಟಿ ದೋಣಿಗೆ ಇಳಿಯುವವರೆಗೂ ತೊಕುನಾಗ ಕಿಟಕಿಯಲ್ಲೇ ನಿಂತಿದ್ದ. ಕೂಗಿದರೆ ಕೇಳಿಸುವಷ್ಟೇ ದೂರ. ಕೂಗಲಿಲ್ಲ.

ಮರುದಿನ ಮಧ್ಯಾಹ್ನ ಇಸೊಗೈ ಹಡಗಿನ ವರದಿ ಸರಿಯಾದ ಹೊತ್ತಿಗೆ ಬಂತು. ತೊಕುನಾಗ ನೆಮ್ಮದಿಯಿಂದ ಜವೆಗೋಧಿ ಬೆರೆಸಿದ ಅನ್ನ ಉಂಡ.

ಅದರ ಮರುದಿನ ರೇಡಿಯೋ ಬಾಯಿಬಿಡಲಿಲ್ಲ. ಕಿವಿಗೆ ಯಂತ್ರ ಒತ್ತಿಕೊಂಡಿದ್ದ ಕಚೇರಿಯ ರೇಡಿಯೋದವನು ಸಂಜೆಯವರೆಗೂ ತಲೆ ಎತ್ತಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಂದಿನ ಹಡಗಿನ ಕಪ್ತಾನ ಆದೇಶ ಕೇಳಲು ಬಂದ.

“ವರದಿ ತಪ್ಪಬಾರದು” ಎಂದ ತೊಕುನಾಗ, ಅವನ ಮುಖ ನೋಡದೆ.

ಇಸೊಗೈ ಮರಳಲಿಲ್ಲ.