ಹಳೇ ಗಂಟೆಯ ಹತ್ತು

ಗೋಡೆ ಗಡಿಯಾರದ ಸೆಕೆಂಡಿನ ಕೆಂಪು ಮುಳ್ಳು ಮತ್ತೆ ಒಂಬತ್ತರ ಹತ್ತಿರ ಎಡವಿತು, ಒಂದು ಗೆರೆ ಹತ್ತಿತು, ಜಾರಿತು, ಮತ್ತೆ ಹತ್ತಿ ಹೇಗೋ ದಾಟಿಕೊಂಡಿತು — ದಾಟಲಿ, ನಿಧಾನವಾಗಿಯೇ ದಾಟಲಿ, ಇನ್ನೂ ಹದಿನಾಲ್ಕು ನಿಮಿಷ ಇದೆ, ಹದಿನಾಲ್ಕು ನಿಮಿಷ ಅಂದರೆ ಎಷ್ಟೊಂದು, ಒಂದು ಲೋಟ ನುಸ್-ನುಸ್ ಕುಡಿದು ಮುಗಿಸಬಹುದು, ಅರ್ಧ ಹಾಲು ಅರ್ಧ ಕಾಫಿ, ಒಂದು ತಿಂಗಳ ಉಪವಾಸ ಕಳೆದು ಹಗಲು ಹೊತ್ತಿನಲ್ಲಿ ಕುಡಿಯುವ ಕಾಫಿ ಏನೋ ಕಳ್ಳತನ ಮಾಡಿದ ಹಾಗೆ ರುಚಿಸುತ್ತದೆ, ನನಗೇ ನಗು ಬರುತ್ತಿದೆ, ಕಾಲು ಗಂಟೆ ಹಿಂದೆ ಇದೇ ಕುರ್ಚಿಯಲ್ಲಿ ನಾನು ಸತ್ತೇ ಹೋಗಿದ್ದೆ. ಕಾಫಿ ಯಂತ್ರದ ಆವಿ ಗಡಿಯಾರದ ಗಾಜಿಗೆ ಕೂರುತ್ತದೆ, ಬುಶ್ತಾಣ್ಣ ಹೆಗಲ ಬಟ್ಟೆಯಿಂದ ಒರೆಸುತ್ತಾನೆ, ಇಪ್ಪತ್ತು ವರ್ಷದಿಂದ ಇಲ್ಲಿ ಲೋಟ ಹಂಚುತ್ತಿರುವವನು, ಗಡಿಯಾರದ ಕೆಳಗಿನ ಪ್ಲಗ್ ಒಂದೇ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಮೊದಲ ದಿನ ಹೇಳಿಕೊಟ್ಟವನೂ ಅವನೇ, ಆ ದಿನ ಮೆಕ್ನೆಸ್‌ನ ಗಂಡಸರೆಲ್ಲ ಇಲ್ಲೇ ಕೂತು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು, ಈಗ ಯಾರಾದರೂ ಇಲ್ಲಿ ಕೂರಲು ಬಂದರೆ ಅವರೇ ಎಬ್ಬಿಸುತ್ತಾರೆ, ಏಯ್ ಅದು ಲಲ್ಲಾನ, ಅಮ್ಮಾವ್ರ ಮೇಜು, ಆ ಕಡೆ ಹೋಗಿ. ಒಂದು ಲೋಟಕ್ಕೆ ಇಡೀ ಬೆಳಿಗ್ಗೆ ಕೂರಬಹುದು, ಇಂಟರ್ನೆಟ್ಟಿನ ಗುಪ್ತಪದ ಸಕ್ಕರೆ ಡಬ್ಬಿಯ ಮುಚ್ಚಳದ ಒಳಗಿದೆ, ಇದಕ್ಕಿಂತ ಕಚೇರಿ ಇನ್ನೇನು ಬೇಕು.

ತಪ್ಪು ನನ್ನದೇ, ಯಾರನ್ನೂ ಬೈಯುವ ಹಾಗಿಲ್ಲ. ಉಪವಾಸದ ತಿಂಗಳು ಬಂತೆಂದರೆ ಸರ್ಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಳ್ಳುತ್ತದೆ, ಹಬ್ಬ ಕಳೆದ ಭಾನುವಾರ ಮತ್ತೆ ಮುಂದಕ್ಕೆ ಎಳೆಯುತ್ತದೆ, ನಿನ್ನೆ ಎಳೆದಿದೆ, ನಾನು ನನ್ನ ಫೋನಿನದನ್ನು ಎಳೆದಿಲ್ಲ — ಅದರ ಪಾಡಿಗೆ ಬಿಟ್ಟರೆ ಬೇಡದ ದಿನ ತಾನೇ ಬದಲಾಗಿ ಮಾನ ಕಳೆಯುತ್ತದೆ ಎಂದು ಹೋದ ವರ್ಷವೇ ಅದನ್ನು ಕಟ್ಟಿಹಾಕಿದ್ದೆ, ಕಟ್ಟಿಹಾಕಿದ್ದನ್ನೇ ಮರೆತೆ. ಮನೆಯಲ್ಲಿ ನೆನಪಿಸುವವರಿಲ್ಲ, ಅಪ್ಪ ವರ್ಷವಿಡೀ ಆ ಹಿಂದಕ್ಕೆ ತಳ್ಳಿದ ಹಳೇ ಗಂಟೆಯವನು, ಬೀದಿಯ ಒಲೆಯಲ್ಲಿ ನಲವತ್ತು ವರ್ಷ ಊರವರ ರೊಟ್ಟಿ ಬೇಯಿಸಿಕೊಟ್ಟವನು, ಹಿಟ್ಟು ಉಬ್ಬೋದು ಬಿಸಿಲು ನೋಡಿ ಕಣೇ, ಸರ್ಕಾರದ ಕಾಗದ ನೋಡಿ ಅಲ್ಲ, ಎನ್ನುತ್ತಾನೆ. ಇಲ್ಲಿ ಕೆಫೆಯ ಮಾಲೀಕ ಸಿ ಹಮ್ಮಾದಿ ಅಪ್ಪನಿಗಿಂತ ಒಂದು ಕೈ ಮೇಲೆ, ನನ್ನಿಂದ ಒಂದು ಗಂಟೆ ಎತ್ಕೊಂಡು ಹೋದೋರು ವಾಪಸ್ ತಂದುಕೊಡ್ಲಿ, ಆಮೇಲೆ ಮುಳ್ಳು ತಿರುಗಿಸೋಣ. ಹೀಗೆ ಮನೆಯ ಗೋಡೆ, ನನ್ನ ಕೈಯ ಫೋನು, ಕೆಫೆಯ ಗೋಡೆ, ಮೂರೂ ಒಂದೇ ಮಾತು ಹೇಳಿದರೆ ಯಾರಿಗೆ ಅನುಮಾನ ಬರುತ್ತದೆ, ಹತ್ತಕ್ಕೆ ವಿಡಿಯೋದಲ್ಲಿ ಸಂದರ್ಶನ, ಒಂಬತ್ತೂ ಹತ್ತಕ್ಕೇ ಬಂದು ರಾಣಿಯ ಹಾಗೆ ಕೂತೆ, ಜೇನು ಸುರಿದ ಮ್ಸೆಮ್ಮೆನ್ ರೊಟ್ಟಿ ತರಿಸಿದೆ, ಪದರ ಪದರ ಬಿಡಿಸಿ ತಿಂದೆ. ಆಗ ರೇಡಿಯೋದವನು ಹೇಳಿದ, ಈಗ ಸಮಯ ಹತ್ತೂವರೆ. ಕೂಗಿ ಕೇಳಿದೆ, ಬುಶ್ತಾಣ್ಣ, ಇದು ಹಳೇದಾ ಹೊಸದಾ. ರೇಡಿಯೋ ಯಾವತ್ತೂ ಹೊಸದೇ ತಂಗೀ, ಅದು ಸರ್ಕಾರದ ಸಂಬಳ ತಿನ್ನತ್ತೆ.

ವಿಡಿಯೋ ಪರದೆ ತೆರೆದರೆ ಖಾಲಿ ಚೌಕ, ಅದರೊಳಗೆ ನನ್ನದೇ ಮುಖ, ಗಲ್ಲದ ಮೇಲೆ ಜೇನು. ಯಾರೂ ಇಲ್ಲ. ಬಂದು ಕಾದು ಹೋಗಿಬಿಟ್ಟರು. ಆ ಕ್ಷಣ ಬುಧವಾರದ ರೈಲು ಕಣ್ಣಮುಂದೆ ಬಂತು, ಕಾಸಾಬ್ಲಾಂಕಾ, ಮೂರನೇ ಮಹಡಿ, ಕಿಟಕಿಯಿಲ್ಲದ ಕಾಲ್ ಸೆಂಟರ್ ಹಾಲ್, ಕಿವಿಯ ಹಿಂದೆ ಗಾಯ ಮಾಡಿದ ಹೆಡ್‌ಫೋನು, ಗುರುವಾರದೊಳಗೆ ಬಾ ಇಲ್ಲಾಂದ್ರೆ ನಿನ್ನ ಕುರ್ಚಿ ಬೇರೆಯವರಿಗೆ, ಅಂದಿದ್ದ ಅಲ್ಲಿನ ಮೇಲಧಿಕಾರಿ, ಎರಡು ತಿಂಗಳು ರಜ ಕೊಟ್ಟದ್ದೇ ದೊಡ್ಡದು ಎಂಬ ದನಿಯಲ್ಲಿ. ಅವನೇ ಮೊದಲ ದಿನ ಹೇಳಿದ್ದು, ನಿನ್ನ ಹೆಸರು ಫ್ರಾನ್ಸಿನ ಗಿರಾಕಿಗಳ ನಾಲಗೆಗೆ ತಿರುಗಲ್ಲಮ್ಮ, ಇವತ್ತಿಂದ ನೀನು ಸೋಫಿ. ನಾನೊಬ್ಬಳೇ ಅಲ್ಲ, ಪಕ್ಕದವಳು ನತಾಲಿ, ಎದುರಿನ ಗಡ್ಡದವನು ಜೂಲಿಯನ್. ಆರು ವರ್ಷ, ದಿನಕ್ಕೆ ನೂರು ಸಲ, ನಮಸ್ಕಾರ, ಸೋಫಿ ಮಾತಾಡುತ್ತಿದ್ದೇನೆ, ನಿಮ್ಮ ಫ್ರಿಜ್ಜಿಗೆ ಏನಾಗಿದೆ. ಇದೊಂದು ಕೆಲಸ ಸಿಕ್ಕರೆ ಸೋಫಿ ಸಾಯುತ್ತಾಳೆ ಅಂದುಕೊಂಡಿದ್ದೆ — ಫ್ರಾನ್ಸಿನ ಲಿಯಾನಿನಲ್ಲಿ ಒಂದು ಸಣ್ಣ ಸಂಘ, ಐವತ್ತು ವರ್ಷದ ಹಿಂದೆ ಇಲ್ಲಿಂದ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಮುದುಕರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದಾರೆ, ಕೇಳಿ, ಆಡಿದ ಹಾಗೇ ಬರೆದುಕೊಡಬೇಕು, ಕೊನೆಗೆ ಪುಸ್ತಕ. ಪರೀಕ್ಷೆಗೆಂದು ಒಬ್ಬ ಮುದುಕನ ಧ್ವನಿ ಕಳಿಸಿದ್ದರು, ಈ ಮೇಜಿನಲ್ಲೇ ಕೂತು ಮೂರು ದಿನ ಕೇಳಿದೆ, ಕೆಮ್ಮೂ ಬಿಡದೆ ಬರೆದೆ, ನನ್ನ ಹೆಸರು ಬಾಸ್ಸು, ಅನ್ನುತ್ತಾನೆ, ಮಾತಿನ ನಡುವೆ ಎಲ್ಲೆಲ್ಲೋ ನಿಂತು ಮತ್ತೆ ಅದನ್ನೇ ಅನ್ನುತ್ತಾನೆ, ಬಾಸ್ಸು, ಇಶ್ಶುನ ಮಗ ಬಾಸ್ಸು. ಇಷ್ಟೆಲ್ಲ ಮಾಡಿ ಗಡಿಯಾರ ತಿರುಗಿಸಲು ಮರೆತವಳು. ಸಂದರ್ಶನ ಮಾಡಬೇಕಿದ್ದ ಸಂಘದ ಇತ್ತೋ ಎಂಬಾಕೆಗೆ ಅಳುತ್ತಲೇ ಪತ್ರ ಬರೆದೆ, ಕ್ಷಮಿಸಿ ಮದಾಮ್ ಇತ್ತೋ, ಹೊತ್ತು ತಪ್ಪಿತು, ತಪ್ಪು ನನ್ನದೇ. ಬುಶ್ತಾಣ್ಣ ಕೇಳದೆಯೇ ನೀರು ತಂದಿಟ್ಟ, ಕುಡಿ ತಂಗೀ, ಯಾರು ಸತ್ರು. ಯಾರೂ ಇಲ್ಲ, ಅದೇ ತೊಂದರೆ, ಅಂದೆ.

ಆಮೇಲೆ ಫೋನು ಗುಂಯ್ ಅಂತು. ಮದಾಮಿನ ಉತ್ತರ, ಅದನ್ನು ಇಷ್ಟು ಹೊತ್ತಿನಲ್ಲಿ ಎಷ್ಟು ಸಲ ಓದಿದೆನೋ, ಇನ್ನೊಂದು ಸಲ ಓದುತ್ತೇನೆ, ಯಾಕಮ್ಮಾ ಕ್ಷಮೆ, ಎಂತ ಹೊತ್ತು ತಪ್ಪಿತು, ಮೆಕ್ನೆಸ್ ಗಂಟೆ ಹತ್ತಕ್ಕೆ ಅಂದಿದ್ನಲ್ಲ, ಇನ್ನೂ ಟೈಮಿದೆ, ನಾನಿನ್ನೂ ಪಾತ್ರೆ ತೊಳೀತಿದೀನಿ. ನಾನು ಬರೆದೆ, ಇಲ್ಲಿ ಹತ್ತು ದಾಟಿತಲ್ಲ ಮದಾಮ್. ಅವಳು, ಅಯ್ಯೋ, ಹೊಸದು ದಾಟಿರ್ಬೇಕು ಬಿಡು, ನಮ್ಮಮ್ಮ ಅಲ್ಲೇ ನಿಮ್ಮೂರಿನ ಬನಿ ಮ್ಹಮ್ಮದ್‌ನಲ್ಲಿ ಇದ್ದಾಳೆ, ಹೊಸ ಗಂಟೆ ನೋಡಿ ಫೋನ್ ಮಾಡಿದ್ರೆ ಎತ್ತೋದೇ ಇಲ್ಲ ಮುದುಕಿ, ನಂಗೆ ಮೆಕ್ನೆಸ್ ಗಂಟೆ ಅಂದ್ರೆ ಅಮ್ಮನ ಗಂಟೆ, ನಿಂಗೆ ಹೇಳೋದೇ ಮರೆತೆ ನೋಡು. ಆ ಮುದುಕಿಯ ಹಣೆಗೆ ಮುತ್ತಿಡಬೇಕು. ಮದಾಮ್ ತಪ್ಪಿದ್ದಕ್ಕೆ ನಾನು ತಪ್ಪಿದ್ದು ಸರಿಯಾಯಿತು. ಸಿ ಹಮ್ಮಾದಿಗೆ ಓದಿ ಹೇಳಿದರೆ ಎದೆ ಉಬ್ಬಿಸಿ, ಕೇಳಿದ್ರೇನ್ರೋ, ಲಿಯಾನಿನಲ್ಲೂ ನಮ್ಮದೇ ಗಂಟೆಯಂತೆ, ಎಂದು ಇಡೀ ಕೆಫೆಗೆ ಸಾರಿದ. ಎಷ್ಟು ಹಗುರ, ಎಷ್ಟು ಹಸಿವು, ಉಳಿದ ಅರ್ಧ ಮ್ಸೆಮ್ಮೆನ್ ಮುಗಿಸಿದೆ, ಗಲ್ಲದ ಜೇನು ಒರೆಸಿಕೊಂಡೆ, ಮುಳ್ಳು ಎಡವುತ್ತದೆ, ದಾಟುತ್ತದೆ, ಒಂದು ನಿಮಿಷ, ಅರ್ಧ, ಹತ್ತು.

ಚೌಕ ಬೆಳಗುತ್ತದೆ, ಐವತ್ತರ ಹೆಂಗಸು, ಒದ್ದೆ ಕೈ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದಾಳೆ, ಸುಂದರವಾಗಿ ನಗುತ್ತಾಳೆ, ನಾನು ಬೆನ್ನು ನೆಟ್ಟಗೆ ಮಾಡುತ್ತೇನೆ, ಬಾಯಿ ನನ್ನನ್ನು ಕೇಳದೆ ತಾನೇ ತೆರೆಯುತ್ತದೆ, ಅಚ್ಚ ಫ್ರೆಂಚಿನಲ್ಲಿ, ನಮಸ್ಕಾರ, ಸೋಫಿ ಮಾತಾಡುತ್ತಿದ್ದೇನೆ, ನಿಮಗೇನು ಸಹಾಯ — ಬುಶ್ತಾಣ್ಣನ ಬಟ್ಟೆ ಗಾಜಿನ ಮೇಲೆ ನಿಂತಿತು. ಮುಗಿಯಿತು, ಈಗ ನಿಜಕ್ಕೂ ಮುಗಿಯಿತು. ಸೋಫಿನಾ, ಅಂದಳು ಮದಾಮ್ ಇತ್ತೋ, ನಮ್ಮ ಭಾಷೆಯಲ್ಲೇ, ಸೋಫಿ ಯಾರಮ್ಮಾ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಕಾಸಾಬ್ಲಾಂಕಾ, ಫ್ರಿಜ್ಜು, ನತಾಲಿ, ಗಡ್ಡದ ಜೂಲಿಯನ್, ಎಲ್ಲ ಹೇಳಿದೆ, ಉಸಿರು ಬಿಡದೆ ಹೇಳಿದೆ. ಅವಳು ನಗಲಿಲ್ಲ. ಆ ಬಾಸ್ಸು ಇದ್ದಾನಲ್ಲ, ಅಂದಳು, ಕಾರ್ಖಾನೆ ಮೇಸ್ತ್ರಿ ನಮ್ಮೋರ್ನೆಲ್ಲ ಮಹಮ್ಮದ್ ಅಂತ್ಲೇ ಕರೀತಿದ್ನಂತೆ, ಮೂವತ್ತು ವರ್ಷ, ಅದಕ್ಕೇ ಮುದುಕ ಆ ಧ್ವನೀಲಿ ಹನ್ನೊಂದು ಸಲ ಹೆಸರು ಹೇಳ್ಕೋತಾನೆ, ಪರೀಕ್ಷೆ ಬರೆದ ಉಳಿದ ನಾಲ್ಕು ಜನ ಒಂದು ಸಲ ಬರೆದು ಬಿಟ್ರು, ನೀನೊಬ್ಳೇ ಹನ್ನೊಂದೂ ಬರ್ದಿದ್ದು, ನಂಗೆ ಬೇರೆ ಸಂದರ್ಶನ ಬೇಕಿಲ್ಲ, ನಾಳೆಯಿಂದ ಶುರು ಮಾಡು, ಅಲ್ಲಿಂದ್ಲೇ, ಕಾಫಿ ಕುಡೀತಾ. ಬುಧವಾರದ ರೈಲು ನನ್ನನ್ನು ಬಿಟ್ಟು ಹೋಯಿತು, ಸಂತೋಷವಾಗಿ ಹೋಗಲಿ, ಕಣ್ಣು ಸುಮ್ಮನೆ ತುಂಬಿಕೊಳ್ಳುತ್ತದೆ. ಪುಸ್ತಕದ ಕೊನೇಲಿ ಕೇಳಿ ಬರೆದವರು ಅಂತ ಹಾಕ್ತೀವಿ, ನಿನ್ನ ಹೆಸರು ನೀನೇ ಹೇಳು, ನಿಧಾನವಾಗಿ, ಹೇಗೆ ಬರೀಬೇಕೋ ಹಾಗೆ, ಅಂದಳು. ಅಪ್ಪ ಕರೆಯುತ್ತಾನೆ, ಬೀದಿಯವರು ಕರೆಯುತ್ತಾರೆ, ನಾನೇ ನನ್ನ ಬಾಯಲ್ಲಿ ಅದನ್ನು ಹೇಳಿಕೊಂಡು ಎಷ್ಟು ಕಾಲವಾಯಿತು, ಜಿಂಕೆಗಳು ಎಂದು ಅರ್ಥ, ಒಂದಲ್ಲ, ಹಿಂಡು, ಮೊದಲಕ್ಷರ ಗಂಟಲಿನ ಆಳದಲ್ಲಿದೆ, ಬಾಯಿ ತೆರೆಯುತ್ತೇನೆ, ಬರುವುದಿಲ್ಲ, ಇತ್ತೋ ಕಾಯುತ್ತಾಳೆ, ಅವಳ ತಲೆಯ ಮೇಲಿಂದ ನನ್ನ ಕಣ್ಣು ಗೋಡೆಗೆ ಹೋಗುತ್ತದೆ, ಕೆಂಪು ಮುಳ್ಳು ಒಂಬತ್ತರ ಹತ್ತಿರ ಬಂದಿದೆ, ಘಿ, ಅಂದೆ, ಮುಳ್ಳು ಹತ್ತುತ್ತದೆ, ಜಾರುತ್ತದೆ, ಘಿಜ್, ಹತ್ತುತ್ತದೆ, ಜಾರುತ್ತದೆ, ಹತ್ತುತ್ತದೆ — ಘಿಜ್ಲಾನ್ — ಕೆಂಪು ಮುಳ್ಳು ದಾಟಿತು.